ಎನ್‌ಲಾರ್ಜರಿನ ಪೂರ್ವೋತ್ತರ

ಅನೇಕ ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಹಿರಿಯರ ಕಾಲದ ಫಿಲ್ಮು ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಬೆಳಕಿಗೆ ಹಿಡಿದರೆ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ, ಸಾಸಿವೆಯಷ್ಟು ಮುಖಗಳು ಕಾಣುತ್ತವೆ. ಅಜ್ಜನಾರು, ಪಕ್ಕದಲ್ಲಿ ನಿಂತವರಾರು ಎಂದು ಗುರುತು ಹಿಡಿಯಬೇಕಾದರೆ ಚಿತ್ರವನ್ನು ಕಾಗದದ ಮೇಲೆ ಹಿಗ್ಗಿಸಬೇಕು. ಸ್ಕ್ಯಾನರ್ ಎಂಬ ಸಾಧನವೂ ಇಂದು ಉಂಟು, ನಿಜ. ಆದರೆ ಬೆಳಕೇ ನೇರವಾಗಿ ಕಾಗದದ ಮೇಲೆ ಬಿದ್ದು ಚಿತ್ರ ಮೂಡಬೇಕೆನ್ನುವವರಿಗೆ ಬೇಕಾದದ್ದು ಎನ್‌ಲಾರ್ಜರ್. ‘ವಿಸ್ತಾರಕ’ವೆಂದು ಕರೆಯಬಹುದಾಗಿತ್ತು, ಸ್ಟುಡಿಯೋದವರಿಗೆ ಅರ್ಥವಾಗದ ಕನ್ನಡದಿಂದ ಪ್ರಯೋಜನವೇನು? ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಮಿತವಾದ ಬೆಲೆಗೆ ಕೊಳ್ಳಹೊರಟವರು ಮೊದಲು ಅದರ ಚರಿತ್ರೆಯನ್ನು ಅರಿತರೆ, ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

1839ರಲ್ಲಿ ಛಾಯಾಗ್ರಹಣ ವಿದ್ಯೆ ಲೋಕಕ್ಕೆ ಪ್ರಕಟವಾದ ಮೇಲೆ ಬಹುಕಾಲ ಚಿತ್ರವನ್ನು ಹಿಗ್ಗಿಸುವ ಮಾತು ವಿರಳವಾಗಿತ್ತು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಗಾಜಿನ ಫಲಕವನ್ನು ಕಾಗದಕ್ಕೆ ಒತ್ತಿ ಹಿಡಿದು ಬಿಸಿಲಿಗಿಡುತ್ತಿದ್ದರು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮರಾವನ್ನೇ ಹೊರಬೇಕು.

ಈ ಕಷ್ಟಕ್ಕೆ ಉಪಾಯ ಹುಡುಕಿದವರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಡೇವಿಡ್ ಅಚೆಸನ್ ವುಡ್‌ವರ್ಡ್ ಪ್ರಸಿದ್ಧನು. ಅವನು ವೃತ್ತಿಯಿಂದ ಚಿತ್ರಕಾರ. 1857ರಲ್ಲಿ ‘ಸೋಲಾರ್ ಕ್ಯಾಮರಾ’ ಎಂಬುದಕ್ಕೆ ಪೇಟೆಂಟ್ ಪಡೆದನು. ಕನ್ನಡಿಯೊಂದು ಬಿಸಿಲನ್ನು ಹಿಡಿದು ಒಳಗೆ ಕಳಿಸುವುದು. ಮಸೂರವು ಅದನ್ನು ಒಟ್ಟುಗೂಡಿಸಿ ಪುಟ್ಟ ನೆಗೆಟಿವಿನ ಮೂಲಕ ಹಾಯಿಸುವುದು. ಎದುರಿನ ಕಾಗದದ ಮೇಲೋ ಚಿತ್ರಪಟದ ಬಟ್ಟೆಯ ಮೇಲೋ ಆಳೆತ್ತರದ ಆಕೃತಿ ಬೀಳುವುದು. ಅದರ ಮೇಲೆ ಕಲಾವಿದರು ಬಣ್ಣ ತುಂಬುತ್ತಿದ್ದರು. ಆಗಿನ ಕಾಗದ ಬಲು ಮಂದ. ಚಿತ್ರ ಮೂಡಲು ಗಂಟೆಗಟ್ಟಲೆ ಬೇಕು. ಸೂರ್ಯನಾದರೋ ನಿಲ್ಲುವವನಲ್ಲ. ಅವನು ಸರಿದಂತೆ ಕನ್ನಡಿಯನ್ನೂ ತಿರುಗಿಸುತ್ತಿರಬೇಕು. ಮೋಡ ಕವಿದರೆ ಆ ದಿನದ ಕೆಲಸ ಕೆಟ್ಟಿತು. ನಮ್ಮ ಪುರಾಣಗಳಲ್ಲಿ ಛಾಯಾದೇವಿ ಸೂರ್ಯನ ಪತ್ನಿ. ಛಾಯಾಚಿತ್ರವೆಂದು ಹೆಸರಿಟ್ಟ ಪುಣ್ಯಾತ್ಮರಿಗೆ ಇದು ನೆನಪಿತ್ತೋ ಇಲ್ಲವೋ, ಹೆಸರಂತೂ ಒಪ್ಪುತ್ತದೆ.

1880ರ ಸುಮಾರಿಗೆ ಬ್ರೋಮೈಡ್ ಕಾಗದ ಬಳಕೆಗೆ ಬಂದಿತು. ಇದು ಚುರುಕಾದ ಕಾಗದ. ದೀಪದ ಬೆಳಕೇ ಸಾಕು. ಬಿಸಿಲನ್ನು ಕಾಯುವ ಕೆಲಸ ತಪ್ಪಿತು. ಆದರೂ ಎನ್‌ಲಾರ್ಜರ್ ಅನಿವಾರ್ಯವಾದದ್ದು ಜರ್ಮನಿಯ ವೆಟ್ಸ್‌ಲರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕನಿಂದ. ಅವನು ರೂಪಿಸಿದ ಲೈಕಾ ಕ್ಯಾಮರಾ 1925ರಲ್ಲಿ ಮಾರಾಟಕ್ಕೆ ಬಂದಿತು. ಅದರ ನೆಗೆಟಿವ್ 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದ. 8 ಅಂಗುಲಕ್ಕೆ 12 ಅಂಗುಲದ ಚಿತ್ರ ಬೇಕಾದರೆ ಎಂಟೂವರೆ ಪಟ್ಟು ಹಿಗ್ಗಬೇಕು. ಜೇಬಿನಲ್ಲಿ ಹಿಡಿಯುವ ಕ್ಯಾಮರಾ ಬಂದ ಮೇಲೆ ಕತ್ತಲ ಕೋಣೆಯಲ್ಲಿ ಎತ್ತರದ ಯಂತ್ರ ನಿಲ್ಲಲೇಬೇಕಾಯಿತು. ಇಟಲಿಯ ಬ್ರಿಕ್ಸೆನ್ನಿನಲ್ಲಿ 1936ರಲ್ಲಿ ಸ್ಥಾಪಿತವಾದ ಡರ್ಸ್ಟ್, ಚೆಕ್ ದೇಶದ ಮಿಯೋಪ್ಟಾ ಮೊದಲಾದ ಕಂಪೆನಿಗಳು ಈ ಯಂತ್ರಗಳಿಂದ ಹೆಸರಾದವು. ನಮ್ಮಲ್ಲಿ 1960ರಲ್ಲಿ ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸ್ಥಾಪಿತವಾಯಿತು. ಅದರ ಸರಕಿನ ಹೆಸರು ‘ಇಂದು’, ಎಂದರೆ ಚಂದ್ರ. ಆ ಕಾರ್ಖಾನೆ ಈಗ ಮುಚ್ಚಿದೆ.

ಡಿಜಿಟಲ್ ಕ್ಯಾಮರಾ ಬಂದಾಗ ಇಳಿಗಾಲವೂ ಬಂದಿತು. 2004ರಲ್ಲಿ ಇಂಗ್ಲೆಂಡಿನ ಇಲ್‌ಫೋರ್ಡ್ ಕಂಪೆನಿ ಸಂಕಷ್ಟಕ್ಕೆ ಸಿಕ್ಕಿತು. 2005ರಲ್ಲಿ ಕೊಡಾಕ್ ಕಪ್ಪು-ಬಿಳುಪು ಕಾಗದದ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಕಾಗದವಿಲ್ಲದ ಮೇಲೆ ಯಂತ್ರವೇತಕ್ಕೆ? ಸ್ಟುಡಿಯೋಗಳು ತಮ್ಮ ಎನ್‌ಲಾರ್ಜರುಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದವು. ಯಂತ್ರ ಕೆಟ್ಟದ್ದಕ್ಕಾಗಿ ಬೆಲೆ ಇಳಿಯಲಿಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು. ಇಲ್‌ಫೋರ್ಡಿನ ನೌಕರರಲ್ಲೇ ಕೆಲವರು ಅದನ್ನು ಕೊಂಡು ಉಳಿಸಿಕೊಂಡರು. ಕಾಗದ ಈಗಲೂ ತಯಾರಾಗುತ್ತಿದೆ. ಹಾಗಾಗಿಯೇ ಹಳೆಯ ಯಂತ್ರವನ್ನು ಕೇಳುವವರು ಮತ್ತೆ ಹುಟ್ಟಿದ್ದಾರೆ.

ಲೆನ್ಸ್ ಇಲ್ಲವೆಂದು ಯಂತ್ರವನ್ನು ಬಿಡಬೇಕಾಗಿಲ್ಲ. ಲೈಕಾದ 39 ಮಿಲಿಮೀಟರ್ ತಿರುಪೇ ಎನ್‌ಲಾರ್ಜರ್ ಲೆನ್ಸುಗಳಿಗೂ ರೂಢಿಯಾದ್ದರಿಂದ ಒಬ್ಬರ ಲೆನ್ಸು ಇನ್ನೊಬ್ಬರ ಯಂತ್ರಕ್ಕೆ ಬಹುಮಟ್ಟಿಗೆ ಕೂಡುತ್ತದೆ. ಚಿಕ್ಕ ಫಿಲ್ಮಿಗೆ 50 ಮಿಲಿಮೀಟರಿನದು, ಆರು ಸೆಂಟಿಮೀಟರ್ ಚೌಕದ ಫಿಲ್ಮಿಗೆ 75 ಅಥವಾ 80ರದು ಬೇಕು. ಕೊಳ್ಳುವ ಮುನ್ನ ಟಾರ್ಚಿನ ಬೆಳಕು ಹಾಯಿಸಿ ನೋಡಬೇಕು. ನಮ್ಮ ಮಳೆಗಾಲ ಗಾಜಿಗೂ ಬೂಷ್ಟು ಹಿಡಿಸುತ್ತದೆ. ನೆಗೆಟಿವನ್ನು ಹಿಡಿಯುವ ತಗಡಿನ ಚೌಕಟ್ಟು ಕಳೆದಿದ್ದರೆ ಮಾತ್ರ ಯೋಚಿಸಬೇಕು. ಅದು ಆಯಾ ಮಾದರಿಗೇ ಮೀಸಲು. ಬಿಡಿಯಾಗಿ ಸಿಕ್ಕುವುದು ದುರ್ಲಭ. ನೋಡಲು ಕ್ಷುಲ್ಲಕ ವಸ್ತು, ಆದರೆ ಅದಿಲ್ಲದ ಯಂತ್ರಕ್ಕೆ ನಾನಾದರೆ ಅರ್ಧ ಬೆಲೆಯನ್ನೂ ಕೊಡಲಾರೆ.

ಕಂಬ ಅಲುಗಬಾರದು. ನೆಗೆಟಿವ್, ಲೆನ್ಸ್, ಕೆಳಗಿನ ಹಲಗೆ ಮೂರೂ ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಚಿತ್ರದ ಒಂದು ಮೂಲೆ ಸ್ಪಷ್ಟವಾಗಿ ಇನ್ನೊಂದು ಮಸುಕಾಗುತ್ತದೆ. ಹಳೆಯ ವೈರನ್ನು ಬದಲಿಸದೆ ಸ್ವಿಚ್ಚು ಒತ್ತಬಾರದು. ಅಮೆರಿಕದಿಂದ ಬಂದ ಯಂತ್ರವಾದರೆ ಅದು ಸಾಮಾನ್ಯವಾಗಿ 110 ವೋಲ್ಟಿನದು. ನಡುವೆ ಟ್ರಾನ್ಸ್‌ಫಾರ್ಮರ್ ಇಡದೆ ನಮ್ಮ 230 ವೋಲ್ಟಿಗೆ ಕೊಟ್ಟರೆ ಮೊದಲ ಚಿತ್ರ ಮೂಡುವ ಮುನ್ನವೇ ಬಲ್ಬು ಸುಟ್ಟುಹೋಗುತ್ತದೆ.