ದಂತವಿಲ್ಲದ ತಾಯಂದಿರ ಕಾಡು

ಆಫ್ರಿಕಾ ಸಫಾರಿ ಅಂದ ಕೂಡ್ಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮಸಾಯಿ ಮಾರಾ, ಸೆರೆಂಗೆಟಿ, ಕ್ರೂಗರ್. ಗೊರೊಂಗೋಸಾ ಅಂದ್ರೆ "ಅದ್ಯಾವ ಹೋಟೆಲ್ಲು?" ಅಂತ ಕೇಳಿದ ಸ್ನೇಹಿತರಿದ್ದಾರೆ. ನಂಗೂ ಗೊತ್ತಿರಲಿಲ್ಲ. ಪ್ರಾಜೆಕ್ಟ್ ಕೆಲಸಕ್ಕೆ ಜೋಹಾನ್ಸ್‌ಬರ್ಗ್‌ನಲ್ಲಿದ್ದಾಗ ಸೆಪ್ಟೆಂಬರ್‌ನ ಒಂದು ಲಾಂಗ್ ವೀಕೆಂಡಿಗೆ ಜನಜಂಗುಳಿ ಇಲ್ಲದ ಕಾಡು ಹುಡುಕ್ತಾ ಸಿಕ್ಕಿದ್ದು ಇದು. ಪಕ್ಕದ ಮೊಜಾಂಬಿಕ್ ದೇಶದ ಬೈರಾ ನಗರಕ್ಕೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಮೂರ್ನಾಲ್ಕು ಗಂಟೆ. ಮಳೆಗಾಲದಲ್ಲಿ, ಅಂದ್ರೆ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಹೋಗೋ ಹಾಗಿಲ್ಲ. ಆಗ ಉರೆಮಾ ಸರೋವರ ಉಕ್ಕಿ ಬಯಲೆಲ್ಲ ನೀರಾಗಿರುತ್ತೆ.

ಎರಡನೇ ದಿನ ಬೆಳಿಗ್ಗೆ ಆನೆ ಹಿಂಡು ಸಿಕ್ತು. ಗೈಡ್ ಜೀಪನ್ನು ತುಂಬ ದೂರದಲ್ಲೇ ನಿಲ್ಲಿಸಿದ, ಎಂಜಿನ್ ಆಫ್ ಮಾಡಲಿಲ್ಲ. ಸ್ವಲ್ಪ ಹತ್ರ ಹೋಗೋಣ ಅಂದೆ. ಅವನು ಬೇಡ ಅಂತ ತಲೆಯಾಡಿಸೋದಕ್ಕೂ ಹಿಂಡಿನ ಹಿರಿಯ ಆನೆ ಕಿವಿ ಅಗಲಿಸಿ ನಮ್ಮ ಕಡೆ ನಾಲ್ಕು ಹೆಜ್ಜೆ ಓಡಿ ಬರೋದಕ್ಕೂ ಸರಿಹೋಯ್ತು. ಜೀಪು ಹಿಂದಕ್ಕೆ ಸರಿಯಿತು. ಎದೆ ಬಡಿತ ಇಳಿದ ಮೇಲೆ ನಾನು, ಸಕಲೇಶಪುರ ಕಡೆಯವನಲ್ವಾ, ಆನೆ ನೋಡಿ ಬೆಳೆದ ಗತ್ತಿನಲ್ಲಿ "ದಂತ ಇಲ್ಲ, ಹೆಣ್ಣಾನೆ" ಅಂದೆ. ಗೈಡ್ ನಕ್ಕ. "ಹೆಣ್ಣಾನೇನೇ. ಆದ್ರೆ ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತ ಇರುತ್ತೆ. ಇವಳಿಗಿಲ್ಲ. ಅದಕ್ಕೇ ಇವಳು ಬದುಕಿದ್ದಾಳೆ" ಅಂದ.

ಆ ಒಂದು ಮಾತು ಬಿಡಿಸಿಕೊಳ್ಳೋಕೆ ಈ ಕಾಡಿನ ನೂರು ವರ್ಷದ ಕಥೆ ಬೇಕು.

ಗೊರೊಂಗೋಸಾ ಕಾಡಿಗೆ ಮೊದಲು ಬೇಲಿ ಬಿದ್ದಿದ್ದು ಪ್ರಾಣಿಗಳನ್ನು ಉಳಿಸೋಕಲ್ಲ, ಬೇಟೆಗೆ. 1920ರಲ್ಲಿ, ಪೋರ್ಚುಗೀಸರಿಂದ ಈ ಸೀಮೆಯ ಆಡಳಿತವನ್ನೇ ಪಡೆದಿದ್ದ ಮೊಜಾಂಬಿಕ್ ಕಂಪನಿ, ತನ್ನ ಅಧಿಕಾರಿಗಳು ಮತ್ತು ಅತಿಥಿಗಳ ಶಿಕಾರಿಗೆ ಅಂತ 1,000 ಚದರ ಕಿಲೋಮೀಟರ್ ಕಾದಿರಿಸಿತು. 1960ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯ್ತು. ಮುಂದಿನ ಹತ್ತು ಹದಿನೈದು ವರ್ಷ ಅದರ ವೈಭವದ ಕಾಲ. ಚಿಟೆಂಗೊ ಕ್ಯಾಂಪಿನಲ್ಲಿ ಈಜುಕೊಳ, ರೆಸ್ಟೋರೆಂಟು, ಯುರೋಪಿನ ಪ್ರವಾಸಿಗರು. ಪರಿಸರ ವಿಜ್ಞಾನಿ ಕೆನ್ ಟಿನ್ಲೆ ಆಗ ವಿಮಾನದಿಂದ ಪ್ರಾಣಿಗಣತಿ ಮಾಡಿದ್ರು. ಸಿಕ್ಕ ಲೆಕ್ಕ ಸುಮಾರು 200 ಸಿಂಹ, 14,000 ಕಾಡೆಮ್ಮೆ, ಎರಡು ಸಾವಿರಕ್ಕೂ ಹೆಚ್ಚು ಆನೆ.

1975ರ ಜೂನ್ 25ಕ್ಕೆ ಮೊಜಾಂಬಿಕ್ ಸ್ವತಂತ್ರವಾಯ್ತು, ಫ್ರೆಲಿಮೊ ಪಕ್ಷದ ಸಮೋರಾ ಮಶೆಲ್ ಅಧ್ಯಕ್ಷರಾದರು. ಎರಡೇ ವರ್ಷಕ್ಕೆ ಅಂತರ್ಯುದ್ಧ. ಸರ್ಕಾರದ ವಿರುದ್ಧ ನಿಂತಿದ್ದು ರೆನಾಮೊ ಬಂಡುಕೋರರು. ಅವರ ಬೆನ್ನಿಗೆ ಮೊದಲು ಬಿಳಿಯರ ರೊಡೇಷಿಯಾ, ಆಮೇಲೆ ವರ್ಣಭೇದದ ದಕ್ಷಿಣ ಆಫ್ರಿಕಾ. ದೇಶದ ನಟ್ಟನಡುವೆ ದಟ್ಟ ಕಾಡು ಹೊದ್ದ ಗೊರೊಂಗೋಸಾ ಬೆಟ್ಟ ಇತ್ತಲ್ಲ, ಅದರ ತಪ್ಪಲಿನ ಕಾಸಾ ಬನಾನಾದಲ್ಲೇ ರೆನಾಮೊ ತನ್ನ ಮುಖ್ಯ ನೆಲೆ ಮಾಡಿಕೊಳ್ತು. 1981ರ ಡಿಸೆಂಬರ್‌ನಲ್ಲಿ ಚಿಟೆಂಗೊ ಮೇಲೆ ದಾಳಿಯಾಗಿ ಸಿಬ್ಬಂದಿಯ ಅಪಹರಣವೂ ಆಯ್ತು. 1983ರಲ್ಲಿ ಪಾರ್ಕಿಗೆ ಬೀಗ ಬಿತ್ತು. 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಶಾಂತಿ ಒಪ್ಪಂದ ಆಗುವಷ್ಟರಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ರು.

ಕಾಡಿನ ಗತಿ ಕೇಳಬೇಡಿ. ಎರಡೂ ಕಡೆಯ ಸೈನಿಕರಿಗೆ ಊಟ ಬೇಕಿತ್ತು, ಕಾಡೆಮ್ಮೆ, ಜೀಬ್ರಾ ಮಾಂಸವಾದವು. ಬಂದೂಕು ಬೇಕಿತ್ತು, ಆನೆ ದಂತ ದುಡ್ಡಾಯ್ತು. ಶಾಂತಿ ಬಂದ ಮೇಲೂ ಬೇಟೆ ನಿಲ್ಲಲಿಲ್ಲ. 14,000 ಇದ್ದ ಕಾಡೆಮ್ಮೆ ಬೆರಳೆಣಿಕೆಗೆ ಇಳೀತು. ಸಂಶೋಧಕರ ಲೆಕ್ಕದಲ್ಲಿ 1972ಕ್ಕೆ 2,542 ಇದ್ದ ಆನೆ 2000ದ ಹೊತ್ತಿಗೆ 242.

ಆದ್ರೆ ಕೊಲ್ಲುವವನು ಕಣ್ಣು ಮುಚ್ಚಿ ಕೊಲ್ಲಲ್ಲ. ಅವನಿಗೆ ಬೇಕಾಗಿದ್ದು ದಂತ. ಹುಟ್ಟಿನಿಂದಲೇ ದಂತವಿಲ್ಲದ ಹೆಣ್ಣಾನೆಗಳು ಅಲ್ಲಿ ಮೊದಲೂ ಇದ್ದವು, ಹೆಣ್ಣುಗಳಲ್ಲಿ ಶೇ. 18.5ರಷ್ಟು. ಯುದ್ಧ ಮುಗಿದ ಮೇಲೆ ನೋಡಿದ್ರೆ ಶೇ. 50.9. ಯುದ್ಧ ಹೊಸ ಗುಣವನ್ನೇನೂ ಹುಟ್ಟಿಸಲಿಲ್ಲ, ಅದಿಲ್ಲದವರನ್ನು ಅಳಿಸಿತು ಅಷ್ಟೇ. ದಂತವಿಲ್ಲದ ಹೆಣ್ಣಾನೆ ಬದುಕುಳಿಯುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು ಅನ್ನೋದು 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜು.

ಇದಕ್ಕೊಂದು ಬೆಲೆಯಿದೆ. ಈ ಗುಣ ಎಕ್ಸ್ ಕ್ರೋಮೋಸೋಮಿನಲ್ಲಿ ಕೂತಿದೆ ಅಂತ ಅದೇ ಅಧ್ಯಯನ ಹೇಳುತ್ತೆ. ಹೆಣ್ಣಿಗೆ ಎರಡು ಎಕ್ಸ್ ಇರೋದ್ರಿಂದ ಒಂದು ಕೆಟ್ಟರೂ ಬದುಕು ನಡೆಯುತ್ತೆ. ಗಂಡಿಗಿರೋದು ಒಂದೇ. ಹಾಗಾಗಿ ತಾಯಿಯಿಂದ ಆ ಎಕ್ಸ್ ಪಡೆದ ಗಂಡುಮರಿ ಭೂಮಿಗೇ ಬರೋದಿಲ್ಲ. ದಂತವಿಲ್ಲದ ತಾಯಿಯ ಮಕ್ಕಳಲ್ಲಿ ಮೂರರಲ್ಲಿ ಎರಡು ಹೆಣ್ಣು. ನಮ್ಮ ಭಾಷೇಲಿ ಹೇಳೋದಾದ್ರೆ ಪ್ರೊಡಕ್ಷನ್ ಹೊತ್ತಿ ಉರೀವಾಗ ಹಾಕಿದ ಪ್ಯಾಚ್ ಇದು. ಸಿಸ್ಟಮ್ ಉಳೀತು, ಇನ್ನೊಂದು ಕಡೆ ಸದ್ದಿಲ್ಲದೆ ಡೇಟಾ ಹೋಗ್ತಾ ಇದೆ.

ನಮ್ಮ ಕಾಡಲ್ಲಿ ಇದು ಬೇರೆ ಥರ ಆಯ್ತು. ಏಷ್ಯಾದ ಹೆಣ್ಣಾನೆಗೆ ಹೊರಗೆ ಕಾಣುವ ದಂತವೇ ಇರೋದಿಲ್ಲ. ಹಾಗಾಗಿ ವೀರಪ್ಪನ್ ಕಾಲದಲ್ಲಿ ಸತ್ತಿದ್ದು ಸಲಗಗಳು. ಗೊರೊಂಗೋಸಾದಲ್ಲಿ ತಾಯಂದಿರೂ ಸತ್ತರು.

ಇದೆಲ್ಲ ಆಫ್ರಿಕನ್ನರ ತಾಪತ್ರಯ ಅಂತ ನಾವು ಕೈ ತೊಳ್ಕೊಳ್ಳೋ ಹಾಗೂ ಇಲ್ಲ. ಹದಿನೆಂಟನೇ ಶತಮಾನದಲ್ಲಿ ದಿಯು, ದಮನ್‌ನ ಗುಜರಾತಿ ವರ್ತಕರು ಹಡಗು ತುಂಬ ಬಟ್ಟೆ ಒಯ್ದು ಮೊಜಾಂಬಿಕ್‌ನಿಂದ ದಂತ ತರ್ತಿದ್ರು. ಅದರಲ್ಲಿ ಬಹುಪಾಲು ಇಲ್ಲಿನ ಮದುವೆ ಹೆಣ್ಣುಮಕ್ಕಳ ಕೈಬಳೆಯಾಯ್ತು. ಈ ಆನೆಗಳ ಹಳೇ ಲೆಕ್ಕದಲ್ಲಿ ನಮ್ಮ ದೇಶದ್ದೂ ಒಂದು ಪುಟ ಇದೆ.

ಮುಂದೆ ಈ ಕಾಡು ಚೇತರಿಸಿಕೊಂಡಿದ್ದರಲ್ಲಿ ನಮ್ಮ ಕಸುಬಿನವರೊಬ್ಬರ ಪಾತ್ರ ಇದೆ. ವಾಯ್ಸ್‌ಮೇಲ್ ತಂತ್ರಜ್ಞಾನದಲ್ಲಿ ದುಡ್ಡು ಮಾಡಿದ್ದ ಅಮೆರಿಕದ ಗ್ರೆಗ್ ಕಾರ್ 2004ರಲ್ಲಿ ಇಲ್ಲಿಗೆ ಬಂದ್ರು. 2008ರಲ್ಲಿ ಸರ್ಕಾರದ ಜೊತೆ 20 ವರ್ಷದ ಒಪ್ಪಂದ ಆಯ್ತು. ಹೊರಗಿಂದ ಕಾಡೆಮ್ಮೆ ತಂದರು, 2018ರಲ್ಲಿ ಕಾಡುನಾಯಿ ತಂದರು. ಅದೇ ವರ್ಷದ ಎಣಿಕೆಯಲ್ಲಿ ಆನೆ ಐನೂರು ದಾಟಿದ್ದವು. ಆದ್ರೂ ಕಾಡು ಮೊದಲಿನ ಕಾಡಾಗಿಲ್ಲ. ತಿನ್ನುವ ಸಿಂಹ, ಮೇವಿಗೆ ಪೈಪೋಟಿ ಕೊಡುವ ಕಾಡೆಮ್ಮೆ ಎರಡೂ ಕಮ್ಮಿಯಾದಾಗ ವಾಟರ್‌ಬಕ್ ಅನ್ನೋ ಜಿಂಕೆಯಂಥ ಪ್ರಾಣಿ 3,500 ಇದ್ದದ್ದು ಐವತ್ತು ಸಾವಿರ ದಾಟಿತು. ಸಫಾರಿಯಲ್ಲಿ ಅವುಗಳ ಹಿಂಡು ನೋಡಿ "ಎಷ್ಟು ಸಮೃದ್ಧ!" ಅಂತ ನಾನು ಮೊದಲ ದಿನ ಫೋಟೋ ಹಾಕಿದ್ದೆ. ಅದೂ ಯುದ್ಧದ ಗುರುತೇ ಅಂತ ಗೊತ್ತಾಗಿದ್ದು ಆಮೇಲೆ.

ಜಗಳವೂ ಒಂದೇ ಸಲಕ್ಕೆ ಮುಗೀಲಿಲ್ಲ. 2013ರಲ್ಲಿ ಮತ್ತೆ ಗುಂಡಿನ ಸದ್ದು ಶುರುವಾಯ್ತು. 2019ರ ಆಗಸ್ಟ್ 1ರಂದು ಎರಡೂ ಪಕ್ಷದ ನಾಯಕರು ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಗೊರೊಂಗೋಸಾದಲ್ಲಿ. ಈಗ ಆ ಬೆಟ್ಟದ ಮೇಲೆ ರೈತರು ಕಾಡುಮರದ ನೆರಳಲ್ಲಿ ಕಾಫಿ ಬೆಳೀತಾರೆ. ಚಿಟೆಂಗೊದಲ್ಲಿ ಆ ಕಾಫಿ ಕುಡಿದಾಗ ನಂಗೆ ಊರು ನೆನಪಾಯ್ತು.

ನಮ್ಮೂರಲ್ಲಿ ತೋಟಕ್ಕೆ ಆನೆ ನುಗ್ಗಿದಾಗೆಲ್ಲ "ಆನೆ ಮರೆಯೋದಿಲ್ಲ ಕಣೋ" ಅಂತ ಅಜ್ಜ ಹೇಳ್ತಿದ್ರು. ಪಟಾಕಿ ಹಿಡಿದು ಓಡಿಸೋ ಉತ್ಸಾಹದಲ್ಲಿ ನಾವು ಕಿವಿಗೆ ಹಾಕ್ಕೊಳ್ತಿರಲಿಲ್ಲ. ಇಲ್ಲಿನ ಆನೆಗಳನ್ನು ಅಧ್ಯಯನ ಮಾಡಿದ ಜಾಯ್ಸ್ ಪೂಲ್ ಕೂಡ, ವಾಹನ ಕಂಡರೆ ಇವು ಕೆರಳೋದು ಯುದ್ಧದ ನೆನಪಿಂದ ಅಂತಾರೆ. ಆನೆ ಅರವತ್ತು ವರ್ಷ ಬದುಕುತ್ತೆ. ನಮ್ಮ ಮೇಲೆ ನುಗ್ಗಿ ಬಂದ ಆ ಹಿರಿಯಳು ಜೀಪಿನ ಸದ್ದು, ಬಂದೂಕಿನ ಸದ್ದು, ಆಮೇಲೆ ಬಿದ್ದ ಅಮ್ಮ, ಇದಿಷ್ಟನ್ನೂ ನೋಡಿದವಳಿರಬೇಕು. ನಾವು ಕ್ಯಾಮೆರಾ ಹಿಡಿದವರು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಸಂಜೆ ವಾಪಸ್ ಬರುವಾಗ ಅದೇ ಹಿಂಡು ಮತ್ತೆ ಕಾಣಿಸ್ತು. ಈ ಸಲ ಹತ್ರ ಹೋಗೋಣ ಅಂತ ನಾನು ಕೇಳಲಿಲ್ಲ. ಹಿರಿಯಳ ಕಾಲ ಸಂದಿಯಲ್ಲಿ ಪುಟ್ಟ ಮರಿ ನಿಂತಿತ್ತು. ಹೆಣ್ಣೋ ಗಂಡೋ ಅಂತ ಅಷ್ಟು ದೂರದಿಂದ ಗೈಡಿಗೂ ಹೇಳೋಕಾಗಲಿಲ್ಲ. ಇದಕ್ಕೆ ದಂತ ಬರುತ್ತಾ ಅಂತ ಕೇಳಿದೆ. "ಇನ್ನೆರಡು ವರ್ಷ ಕಾಯಬೇಕು" ಅಂದು ಅವನು ಜೀಪನ್ನು ನಿಧಾನಕ್ಕೆ ಹಿಂದಕ್ಕೆ ತಗೊಂಡ.