ನುಂಗಂಬಾಕ್ಕಂ ವೇಧಶಾಲೆ ಮತ್ತು ಒಂದು ಕನ್ನಡ ಕಿರುಹೊತ್ತಗೆ

ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಎಂಬ ಖಭೌತವಿಜ್ಞಾನ ಸಂಸ್ಥೆಯು ರಾಷ್ಟ್ರಮಟ್ಟದ ಭೌತವಿಜ್ಞಾನ ಸಂಶೋಧನಾ ಕೇಂದ್ರಗಳಲ್ಲಿ ಒಂದು. ಅದರ ಮೂಲವನ್ನು ಅರಸುತ್ತ ಹೋದರೆ ನಾವು ತಲಪುವುದು ಚೆನ್ನೈನ ನುಂಗಂಬಾಕ್ಕಂಗೆ. ಈ ಸಂಸ್ಥೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅದರ ನಿರ್ದೇಶಕರ ಹಾಗೂ ದೂರದರ್ಶಕಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಆದರೆ ಅದರಲ್ಲಿ ಕನ್ನಡದ ಅಭ್ಯಾಸಿಗಳು ತಮ್ಮದೆಂದು ಗಮನಿಸಬೇಕಾದ ಒಂದು ಅಧ್ಯಾಯವೂ ಇದೆ. ಅದರತ್ತ ಗಮನ ಸೆಳೆಯುವುದೇ ಪ್ರಸ್ತುತ ಲೇಖನದ ಉದ್ದೇಶ.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ವಿಲಿಯಂ ಪೆಟ್ರಿ 1786ರಲ್ಲಿ ಮದರಾಸಿನ ಎಗ್ಮೂರಿನಲ್ಲಿ ಸ್ವಂತ ಖರ್ಚಿನಿಂದ ಒಂದು ವೇಧಶಾಲೆಯನ್ನು ಕಟ್ಟಿಸಿದನು. ಕೆಲವೇ ವರ್ಷಗಳಲ್ಲಿ ಅದು ಕಂಪನಿಯ ವಶಕ್ಕೆ ಬಂದಿತು. ಮೈಕೇಲ್ ಟಾಪಿಂಗನ ವಿನ್ಯಾಸದಂತೆ ನುಂಗಂಬಾಕ್ಕಂನಲ್ಲಿ ಹೊಸ ಕಟ್ಟಡವು 1792ರಲ್ಲಿ ಸಿದ್ಧವಾಯಿತು. ಉಪಕರಣವನ್ನು ಅಲುಗದಂತೆ ನಿಲ್ಲಿಸಲು ಅಲ್ಲಿ ಹದಿನೈದು ಅಡಿ ಎತ್ತರದ ಕಗ್ಗಲ್ಲ ಕಂಬವೊಂದನ್ನು ನೆಡಲಾಯಿತು. ಕಂಪನಿಯ ಔದಾರ್ಯದಿಂದ ಏಷ್ಯಾದಲ್ಲಿ ಗಣಿತವಿದ್ಯೆ ನೆಲೆಗೊಂಡಿತೆಂದು ಮುಂದಿನ ತಲೆಮಾರುಗಳಿಗೆ ಸಾರುವ ಶಾಸನವು ಲ್ಯಾಟಿನ್, ತಮಿಳು, ತೆಲುಗು ಮೊದಲಾದ ಭಾಷೆಗಳಲ್ಲಿ ಅದರ ಮೇಲಿದೆ. ಆರ್ಯಭಟ, ಭಾಸ್ಕರರ ನಾಡಿನಲ್ಲಿ ಇಂಥ ಮಾತನ್ನು ಕೆತ್ತಿಸಿದುದು ಆಳುವವರ ಮನೋಭಾವವನ್ನು ತಾನಾಗಿಯೇ ಹೇಳುತ್ತದೆ. ಶಾಸನದ ಭಾಷೆಗಳಲ್ಲಿ ಕನ್ನಡವಿಲ್ಲ. ಕಟ್ಟಡವು ಅಳಿದಿದ್ದರೂ ಕಂಬವು ಇಂದಿಗೂ ನುಂಗಂಬಾಕ್ಕಂನ ಹವಾಮಾನ ಕೇಂದ್ರದ ಆವರಣದಲ್ಲಿ ಉಳಿದಿದೆ.

ಈ ವೇಧಶಾಲೆಯ ಮೊದಲ ಪ್ರಯೋಜನ ಭೂಮಿಯ ಅಳತೆಗೆ ಸಂಬಂಧಿಸಿದ್ದಾಗಿತ್ತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಸೇಂಟ್ ಥಾಮಸ್ ಮೌಂಟಿನ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಮಾಪನವನ್ನು ಪ್ರಾರಂಭಿಸಿದಾಗ ರೇಖಾಂಶಗಳಿಗೆ ಆಧಾರವಾದುದು ಈ ವೇಧಶಾಲೆಯೇ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆಯಲಾಯಿತು. ತ್ರಿಕೋನಗಳ ಸರಣಿಯು ಕನ್ನಡನಾಡನ್ನು ಹಾದು ಪಶ್ಚಿಮ ಕರಾವಳಿಯನ್ನು ಮುಟ್ಟಿತು. ಹೀಗೆ ನಮ್ಮ ನಾಡಿನ ಆಧುನಿಕ ನಕಾಶೆಯು ಮದರಾಸಿನ ರೇಖಾಂಶದಿಂದ ಎಣಿಕೆಗೊಂಡುದಾಗಿದೆ. ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿದ್ದ ಮದರಾಸು ವೇಳೆಯನ್ನೇ ರೈಲುಗಳೂ ಅನುಸರಿಸುತ್ತಿದ್ದವು. ಭಾರತೀಯ ಪ್ರಮಾಣವೇಳೆಯು ಜಾರಿಗೆ ಬಂದುದು 1906ರಲ್ಲಿ.

ಟಿ. ಜಿ. ಟೇಲರ್ 1844ರಲ್ಲಿ ಪ್ರಕಟಿಸಿದ, ಸುಮಾರು 11,000 ನಕ್ಷತ್ರಗಳ ಸ್ಥಾನಗಳನ್ನು ಒಳಗೊಂಡ ಪಟ್ಟಿಯು ಈ ವೇಧಶಾಲೆಗೆ ಅಂತಾರಾಷ್ಟ್ರೀಯ ಮನ್ನಣೆಯನ್ನು ತಂದಿತು. 1861ರಲ್ಲಿ ಅಧಿಕಾರ ವಹಿಸಿಕೊಂಡ ನಾರ್ಮನ್ ಪಾಗ್ಸನ್ ಅದೇ ವರ್ಷ ಇಲ್ಲಿಂದ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದು ಅದಕ್ಕೆ ‘ಏಷಿಯಾ’ ಎಂದು ಹೆಸರಿಟ್ಟನು. ಆದರೆ ಇಂಥ ಪಟ್ಟಿಗಳ ಹಿಂದೆ ಇರುಳಿಡೀ ಎಚ್ಚರವಿದ್ದು ಅಳತೆಗಳನ್ನು ದಾಖಲಿಸಿದ ಭಾರತೀಯ ಸಹಾಯಕರ ದುಡಿಮೆಯಿದೆ. ಅವರಲ್ಲಿ ಬಹುಮಂದಿಯ ಹೆಸರುಗಳು ಮುಖಪುಟಕ್ಕೆ ಬರಲಿಲ್ಲ.

ಇದಕ್ಕೆ ಅಪವಾದವೆನಿಸಿದವರು ಚಿಂತಾಮಣಿ ರಘುನಾಥಾಚಾರಿ. ಪಂಚಾಂಗಗಣಿತದ ಪರಂಪರೆಯಿಂದ ಬಂದ ಇವರು ವೇಧಶಾಲೆಯಲ್ಲಿ ಮೊದಲನೆಯ ಸಹಾಯಕರ ಹುದ್ದೆಗೇರಿದರು. ರೆಟಿಕ್ಯುಲಂ ಎಂಬ ದಕ್ಷಿಣದ ನಕ್ಷತ್ರಪುಂಜದಲ್ಲಿ ಕಾಂತಿ ಬದಲಾಗುವ ತಾರೆಯೊಂದನ್ನು 1867ರಲ್ಲಿ ಗುರುತಿಸಿದರು. 1868ರ ಪೂರ್ಣ ಸೂರ್ಯಗ್ರಹಣವನ್ನು ವನಪರ್ತಿಯಲ್ಲಿಯೂ, 1871ರ ಗ್ರಹಣವನ್ನು ಅವಿನಾಶಿಯಲ್ಲಿಯೂ ವೀಕ್ಷಿಸಿದರು. ಈ ಎರಡನೆಯ ಗ್ರಹಣಕ್ಕಾಗಿಯೇ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಕಾಸರಗೋಡು ಸೀಮೆಯ ಬೇಕಲ ಕೋಟೆಯಲ್ಲಿ ಬೀಡುಬಿಟ್ಟಿದ್ದನೆಂಬುದನ್ನೂ ಇಲ್ಲಿ ನೆನೆಯಬಹುದು. 1872ರಲ್ಲಿ ರಘುನಾಥಾಚಾರಿಯವರು ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಫೆಲೋ ಆದರು. ಪ್ರತ್ಯಕ್ಷ ವೀಕ್ಷಣೆಯೊಂದಿಗೆ ತಾಳೆಯಾಗುವಂತೆ ಪಂಚಾಂಗವನ್ನು ತಿದ್ದಬೇಕೆಂದು ವಾದಿಸಿ ದೃಗ್ಗಣಿತ ಪಂಚಾಂಗವನ್ನೂ ಹೊರಡಿಸಿದರು. ಅವರು ತೀರಿಕೊಂಡುದು 1880ರಲ್ಲಿ.

1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವುದಿತ್ತು. ಭೂಮಿಯ ಬೇರೆ ಬೇರೆ ಸ್ಥಳಗಳಿಂದ ನೋಡಿದಾಗ ಶುಕ್ರನ ಹಾದಿಯಲ್ಲಿ ಕಾಣುವ ಅಲ್ಪ ವ್ಯತ್ಯಾಸದಿಂದ ಸೂರ್ಯನ ದೂರವನ್ನು ಲೆಕ್ಕಹಾಕಬಹುದಾದುದರಿಂದ ಪ್ರಪಂಚದ ವಿಜ್ಞಾನಿಗಳೆಲ್ಲ ಅದಕ್ಕಾಗಿ ಸಜ್ಜಾಗಿದ್ದರು. ರಘುನಾಥಾಚಾರಿಯವರು ಈ ಘಟನೆಯನ್ನು ಜನರಿಗೆ ತಿಳಿಸಲು ಒಂದು ಕಿರುಹೊತ್ತಗೆಯನ್ನು ರಚಿಸಿದರು. ಅದು ಇಂಗ್ಲಿಷಿನಲ್ಲಷ್ಟೇ ನಿಲ್ಲದೆ ಉರ್ದು ಹಾಗೂ ಕನ್ನಡದಲ್ಲಿಯೂ ಪ್ರಕಟವಾಯಿತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಮದರಾಸು ಅಧಿಪತ್ಯಕ್ಕೆ ಸೇರಿದ್ದವೆಂಬುದನ್ನು ನೆನೆದರೆ ಕನ್ನಡದ ಓದುಗರು ಆ ವಿದ್ವಾಂಸರಿಗೆ ಹೊರಗಿನವರಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಕಂಬದ ಮೇಲೆ ದೊರೆಯದ ಸ್ಥಾನವು ಕನ್ನಡಕ್ಕೆ ಕಾಗದದ ಮೇಲೆ ದೊರೆಯಿತು.

ಈ ಕೃತಿಯ ಮಹತ್ವವು ಖಗೋಳಶಾಸ್ತ್ರಕ್ಕೆ ಮಾತ್ರ ಸೀಮಿತವಲ್ಲ. ಕಿಟ್ಟೆಲರ ನಿಘಂಟು ಪ್ರಕಟವಾಗುವುದಕ್ಕೆ ಇಪ್ಪತ್ತು ವರ್ಷಗಳ ಮೊದಲೇ ಕನ್ನಡ ಗದ್ಯವು ಆಧುನಿಕ ವಿಜ್ಞಾನದ ವಿಷಯವೊಂದನ್ನು ಹೊತ್ತುಕೊಂಡಿತ್ತೆಂಬುದಕ್ಕೆ ಇದು ಸಾಕ್ಷಿ. ಸಿದ್ಧಾಂತಗ್ರಂಥಗಳ ಪರಿಭಾಷೆಯು ಹೊಸ ಅರ್ಥವನ್ನು ಹೇಗೆ ಪಡೆಯಿತು, ಸಾಮಾನ್ಯ ಓದುಗನಿಗಾಗಿ ವಾಕ್ಯರಚನೆಯು ಹೇಗೆ ಸಡಿಲಗೊಂಡಿತು ಎಂಬ ಪ್ರಶ್ನೆಗಳನ್ನು ಭಾಷಾಚರಿತ್ರಕಾರರು ಇಂಥ ಕೃತಿಗಳ ಮುಂದಿಡಬೇಕು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದು ಎಂಬ ಶಂಕೆಗೆ ಉತ್ತರವು ಆ ಕಾಲದಷ್ಟು ಹಿಂದೆಯೇ ಮುದ್ರಣಗೊಂಡಿತ್ತು.

ಸಂಸ್ಥೆಯ ಮುಂದಿನ ಹಾದಿಗೆ ಕಾರಣವಾದುದು ಕ್ಷಾಮ. 1876-78ರ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದರು. ಮೈಸೂರು, ಬಳ್ಳಾರಿ ಸೀಮೆಗಳು ಅದರಲ್ಲಿ ಬೆಂದುಹೋದವು. ಸೂರ್ಯನ ಬದಲಾವಣೆಗಳಿಗೂ ಮಳೆಗೂ ಸಂಬಂಧವಿರಬಹುದೆಂಬ ಊಹೆಯಿಂದ ಸೂರ್ಯನ ಅಧ್ಯಯನಕ್ಕೆ ಒತ್ತು ದೊರೆತು, 1899ರಲ್ಲಿ ಖಗೋಳ ಕಾರ್ಯವು ಕೊಡೈಕಾನಲ್‌ಗೆ ವರ್ಗವಾಯಿತು. ಸೂರ್ಯಕಲೆಗಳಲ್ಲಿ ಅನಿಲವು ಕೇಂದ್ರದಿಂದ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಅಲ್ಲಿ ಕಂಡುಕೊಂಡನು. 1960ರಲ್ಲಿ ನಿರ್ದೇಶಕರಾದ ಎಂ. ಕೆ. ವೈನು ಬಪ್ಪು ಅವರು ಕಾವಲೂರಿನ ವೇಧಶಾಲೆಯನ್ನು ಕಟ್ಟಿದರು. 1971ರಲ್ಲಿ ಸಂಸ್ಥೆಯು ಸ್ವಾಯತ್ತವಾಗಿ, ಬಳಿಕ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡಿತು. 2023ರಲ್ಲಿ ಉಡಾವಣೆಗೊಂಡ ಆದಿತ್ಯ-ಎಲ್1 ನೌಕೆಯಲ್ಲಿರುವ ಸೂರ್ಯಕಿರೀಟವನ್ನು ವೀಕ್ಷಿಸುವ ಉಪಕರಣವು ಇದೇ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ಸಿದ್ಧಪಡಿಸಿದ್ದು.

ಮದರಾಸಿನಲ್ಲಿದ್ದಾಗ ಈ ಸಂಸ್ಥೆಯ ಒಬ್ಬ ಸಹಾಯಕರು ಕನ್ನಡಿಗರನ್ನು ಅರಸಿಕೊಂಡು ಅವರ ಭಾಷೆಯತ್ತ ಬಂದರು. ಇಂದು ಸಂಸ್ಥೆಯೇ ಕನ್ನಡಿಗರ ನಡುವೆ ಇದೆ. ಅಲ್ಲಿ ನಡೆಯುವ ಸಂಶೋಧನೆಯನ್ನು ಕನ್ನಡದಲ್ಲಿ ಬರೆಯುವ ಹೊಣೆಯು ವಿಜ್ಞಾನಿಗಳದ್ದಾಗಿರುವಷ್ಟೇ ಕನ್ನಡ ವಿಭಾಗಗಳದ್ದೂ ಆಗಿದೆ. 1874ರ ಆ ಕಿರುಹೊತ್ತಗೆಯನ್ನು ನಮ್ಮ ಗದ್ಯಚರಿತ್ರೆಯ ಪುಟಗಳಲ್ಲಿ ಸೇರಿಸಿಕೊಳ್ಳುವುದು ಆ ಕೆಲಸದ ಮೊದಲ ಹೆಜ್ಜೆಯಾದೀತು.