ಬೆಂಗಳೂರಿನಲ್ಲಿ ಮಾಗಿದ ಮಾಲ್ಟ್

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಒಂದೇ ಭಟ್ಟಿಖಾನೆಯಲ್ಲಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಮಾಗಿಸಿದ ವಿಸ್ಕಿಗೆ ಸಿಂಗಲ್ ಮಾಲ್ಟ್ ಎನ್ನುತ್ತಾರೆ. ಭಾರತದಲ್ಲಿ ವಿಸ್ಕಿಯೆಂದು ಮಾರಾಟವಾಗುವುದರಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯ ಮದ್ಯಸಾರ ಬೆರೆತದ್ದು. ಯುರೋಪಿನ ಕಾನೂನು ಅದನ್ನು ವಿಸ್ಕಿಯೆಂದು ಒಪ್ಪುವುದಿಲ್ಲ. ಇಂಥ ದೇಶದಿಂದಲೂ ಸಂಗ್ರಾಹಕರು ಹುಡುಕಿಕೊಂಡು ಹೋಗುವಂಥ ಹಳೆಯ ಸಿಂಗಲ್ ಮಾಲ್ಟ್ ಬರಬಹುದೆಂದು ತೋರಿಸಿಕೊಟ್ಟದ್ದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್.

ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಕಟ್ಟಿದ ಈ ಕಂಪನಿ ಮೊದಲು ಬೆಳೆದದ್ದು ಬ್ರಾಂದಿ, ರಮ್‌ಗಳಿಂದ. ಸೇನೆಯ ಕ್ಯಾಂಟೀನುಗಳು ಅದರ ದೊಡ್ಡ ಗಿರಾಕಿಗಳಾಗಿದ್ದವು. 1980ರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ಇಳಿಸತೊಡಗಿದರೂ ಅದು ಬೇರೆ ವಿಸ್ಕಿಗಳಿಗೆ ಬೆರೆಸುವ ಸರಕಾಗಿಯೇ ಉಳಿದಿತ್ತು. ಮೈಸೂರು ರಸ್ತೆಯ ಕಂಬೀಪುರದ ಗೋದಾಮಿನಲ್ಲಿ ಮಾಗುತ್ತಿದ್ದ ಆ ಮಾಲ್ಟನ್ನು ಬೆರಕೆಯಿಲ್ಲದೆ ಮಾರುವ ಆಲೋಚನೆ ಗಟ್ಟಿಯಾದದ್ದು 2000ದ ನಂತರ, ಸ್ಥಾಪಕರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ. 2004ರ ಆಗಸ್ಟ್ 24ರಂದು ಅದು ಬಿಡುಗಡೆಯಾಯಿತು, ಅದೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿನಲ್ಲೇ ಮೊದಲು ಪರೀಕ್ಷೆಗೆ ನಿಂತದ್ದು ನಿಜಕ್ಕೂ ಎದೆಗಾರಿಕೆಯ ಮಾತು. ಆರಂಭದ ವರ್ಷಗಳಲ್ಲಿ ಮಾರಾಟ ಕುಂಟುತ್ತಲೇ ಸಾಗಿತು. ವಿಮರ್ಶಕ ಜಿಮ್ ಮರ್ರೆ ತಮ್ಮ ವಿಸ್ಕಿ ಕೈಪಿಡಿಯ 2010ರ ಆವೃತ್ತಿಯಲ್ಲಿ ‘ಅಮೃತ್ ಫ್ಯೂಷನ್’ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ ಮೇಲೆ ಗಾಳಿ ತಿರುಗಿತು. ಬೆಂಗಳೂರಿನ ಅಂಗಡಿಗಳಿಗೆ ಈ ಮಾಲ್ಟ್ ಬಂದದ್ದು ಆ ವರ್ಷವೇ.

ಆದರೆ ಸಂಗ್ರಾಹಕರು ನೋಡುವುದು ವಯಸ್ಸನ್ನು, ಬೆಂಗಳೂರಿನಲ್ಲಿ ವಯಸ್ಸೇ ದುಬಾರಿ. ಪೀಪಾಯಿಯ ಮರ ಉಸಿರಾಡುತ್ತದೆ. ಒಳಗಿನ ದ್ರವ ವರ್ಷವರ್ಷವೂ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನ ತಂಪು, ತೇವದ ಗೋದಾಮುಗಳಲ್ಲಿ ಈ ನಷ್ಟ ವರ್ಷಕ್ಕೆ ಸುಮಾರು ಶೇ 2. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಬೆಂಗಳೂರಿನ ಹವೆ ಅದಕ್ಕಿಂತ ಬಹಳ ಬೆಚ್ಚಗಿನದು. ಇಲ್ಲಿ ಶೇ 10ರಿಂದ 12ರಷ್ಟು ಹೋಗುತ್ತದೆ. ವರ್ಷಕ್ಕೆ ಶೇ 11ರಂತೆ ಲೆಕ್ಕ ಹಿಡಿದರೆ, 100 ಲೀಟರಿನಲ್ಲಿ 8 ವರ್ಷಕ್ಕೆ ಉಳಿಯುವುದು ಸುಮಾರು 39 ಲೀಟರ್, 15 ವರ್ಷಕ್ಕೆ 17. ಸ್ಕಾಟ್ಲೆಂಡಿನಲ್ಲಿ 15 ವರ್ಷದ ನಂತರವೂ 74 ಲೀಟರ್ ಇರುತ್ತದೆ. ಸೆಕೆಯಿಂದ ಲಾಭವೂ ಇಲ್ಲದಿಲ್ಲ: ಮರದ ಬಣ್ಣ, ಪರಿಮಳ ಬೇಗ ಇಳಿಯುವುದರಿಂದ ನಾಲ್ಕೈದು ವರ್ಷಕ್ಕೇ ಇಲ್ಲಿನ ಮಾಲ್ಟ್ ಹದಕ್ಕೆ ಬರುತ್ತದೆ. ಅದನ್ನು ಮೀರಿ ಇಟ್ಟರೆ ಮರದ ಒಗರು ಉಳಿದ ರುಚಿಯನ್ನೆಲ್ಲ ನುಂಗುವ ಅಪಾಯವಿದೆ. ಹಾಗಾಗಿ ಇಲ್ಲಿ ದೀರ್ಘಕಾಲ ಮಾಗಿಸುವುದು ತಾಳ್ಮೆಯೊಂದರ ಮಾತಲ್ಲ. ಪೀಪಾಯಿಗಳ ಮೇಲೆ ಸದಾ ಕಣ್ಣಿಟ್ಟಿರಬೇಕು, ನಷ್ಟಕ್ಕೂ ಸಿದ್ಧವಿರಬೇಕು.

ಆವಿಯಾಗಿ ಹೋದದ್ದನ್ನು ದೇವತೆಗಳ ಪಾಲೆಂದು ಕರೆಯುವುದು ಈ ಕಸುಬಿನ ವಾಡಿಕೆ. ಬೆಂಗಳೂರಿನ ದೇವತೆಗಳು ಮಹಾ ಆಸೆಬುರುಕರು ಎಂಬ ಅರ್ಥದಲ್ಲಿ ಕಂಪನಿ 2013ರಲ್ಲಿ ಹೊರತಂದ 8 ವರ್ಷದ ಮಾಲ್ಟಿಗೆ ‘ಗ್ರೀಡಿ ಏಂಜೆಲ್ಸ್’ ಎಂದೇ ಹೆಸರಿಟ್ಟಿತು. ಸಿಕ್ಕಿದ್ದು 144 ಬಾಟಲಿ ಮಾತ್ರ. ಅದೇ ಹೆಸರಿನಲ್ಲಿ ಮುಂದೆ 10 ಮತ್ತು 12 ವರ್ಷದವೂ ಬಂದವು. ಅವೆಲ್ಲವನ್ನೂ ಮೀರಿಸಿದ್ದು 2024ರ ‘ಎಕ್ಸ್‌ಪೆಡಿಷನ್’. ಶೆರಿ ತುಂಬಿದ್ದ ಪೀಪಾಯಿಯಲ್ಲೂ ಬರ್ಬನ್ ತುಂಬಿದ್ದ ಪೀಪಾಯಿಯಲ್ಲೂ ಒಟ್ಟು 15 ವರ್ಷ ಮಾಗಿದ ಈ ಮಾಲ್ಟ್, ಜಗತ್ತಿಗೆಲ್ಲ ಸೇರಿ 75 ಬಾಟಲಿಗಳಲ್ಲಿ ಮುಗಿಯಿತು.